ಕೆಳಗಿನವರ ನಿದ್ದೆ

ಜೋಳದ ರೊಟ್ಟಿಯನ್ನು ನಿಂತು ಬಡಿಯಲು ಚನ್ನಬಸಮ್ಮನಿಗೆ ಬಾರದು. ರಾಣೆಬೆನ್ನೂರಿನಿಂದ ಮಗನ ಮನೆಗೆ ಬಂದ ಮೇಲೂ, ಪೀಣ್ಯದ ಆ ಬಾಡಿಗೆ ಮನೆಯ ಮಹಡಿಯಲ್ಲಿ, ಅಡುಗೆಕಟ್ಟೆ ಬಿಟ್ಟು ನೆಲದ ಮೇಲೆ ಸೀಮೆಎಣ್ಣೆ ಸ್ಟೌ ಇಟ್ಟುಕೊಂಡು, ಮರದ ಹಲಗೆಯ ಮೇಲೆ ಬೆಳಬೆಳಗ್ಗೆಯೇ ಬಡಿಯುತ್ತಿದ್ದಳು. ಮಗ ವೀರೇಶನಿಗೆ ಅಂಚು ಕಟಕ್ಕೆಂದು ಮುರಿಯಬೇಕು, ಸೊಸೆ ಶೈಲಜಾಗೆ ಮೆತ್ತಗಿರಬೇಕು. ಇದನ್ನು ಅವರಿಬ್ಬರೂ ಎಂದೂ ಹೇಳಿದವರಲ್ಲ. ತಟ್ಟೆಯಲ್ಲಿ ಉಳಿದದ್ದನ್ನು ನೋಡಿ ಅವಳೇ ತಿಳಿದುಕೊಂಡದ್ದು. ಮಗನ ತಲೆ ಸವರಿ ಮಾತಾಡಿದವಳಲ್ಲ ಅವಳು. ಹೆಂಚಿನಿಂದ ಇಳಿದ ರೊಟ್ಟಿ ನೇರ ಅವನ ತಟ್ಟೆಗೆ ಬಿದ್ದರೆ ಹೇಳುವುದೆಲ್ಲ ಹೇಳಿದ ಹಾಗೆ.

ತೊಂಬತ್ತಾರರ ಯುಗಾದಿ ಕಳೆದ ಮೇಲೆ ಒಂದು ದಿನ ವೀರೇಶ ಬೂಟಿನ ದಾರ ಕಟ್ಟಿಕೊಳ್ಳುತ್ತ, ತಲೆ ಎತ್ತದೆ ಹೇಳಿದ.

"ಅವ್ವಾ, ರೊಟ್ಟಿ ಬಡಿಯೋದು ಸಾಕು ಮಾಡು. ಕೆಳಗಿನ ಮನಿ ಸುಬ್ರಹ್ಮಣ್ಯ ಅವರು ನೈಟ್ ಶಿಫ್ಟ್ ಮುಗಿಸಿ ಬಂದು ಮಲಗ್ತಾರ. ಸದ್ದಿಗೆ ನಿದ್ದಿ ಕೆಡ್ತೈತಂತ."

"ಅವರ ಅಂದ್ರೇನು ಹಂಗ?"

"ಹೂಂ."

ಚನ್ನಬಸಮ್ಮನ ಮುಖ ಸಣ್ಣದಾಯಿತು. ದುಡಿದು ಬಂದವರ ನಿದ್ದೆ ಕೆಡಿಸಿದೆನಲ್ಲ ಎಂದು ಹಲಗೆಯನ್ನು ತೊಳೆದು, ಒಣಗಿಸಿ, ಮಂಚದ ಕೆಳಗೆ ತಳ್ಳಿದಳು. ಮರುದಿನದಿಂದ ದಾಸರಹಳ್ಳಿಯಲ್ಲಿ ರೊಟ್ಟಿ ಮಾಡಿ ಮಾರುವ ಮರೆವ್ವ ಪ್ಲಾಸ್ಟಿಕ್ ಚೀಲದಲ್ಲಿ ತಂದುಕೊಡತೊಡಗಿದಳು. ಎಲ್ಲರಿಗೂ ಒಂದೇ ದಪ್ಪ. ಶೈಲಜಾ ಅಂಚು ಮುರಿದು ತಟ್ಟೆಯ ಬದಿಗಿಡುತ್ತಿದ್ದಳು. ಚನ್ನಬಸಮ್ಮ ನೀರಿಗೆಂದು ಕೆಳಗೆ ಇಳಿದಾಗ ಸುಬ್ರಹ್ಮಣ್ಯನವರ ಬಾಗಿಲ ಮುಂದೆ ಕೊಡವನ್ನು ಸದ್ದಾಗದಂತೆ ತಬ್ಬಿಕೊಂಡು ದಾಟುತ್ತಿದ್ದಳು.

ಒಂದು ದಿನ ನಲ್ಲಿಯ ಹತ್ತಿರ ಅವರ ಹೆಂಡತಿ ವೆಂಕಟಲಕ್ಷ್ಮಿಯೇ ತಡೆದು ನಿಲ್ಲಿಸಿದಳು.

"ಏನಮ್ಮ, ನಮ್ಮೇಲೆ ಕೋಪಾನಾ? ಮುಖ ತಪ್ಪಿಸ್ಕೊಂಡು ಓಡಾಡ್ತೀರಾ. ರೊಟ್ಟಿ ಸದ್ದೂ ಇಲ್ಲ."

"ನಿಮ್ಮ ಯಜಮಾನ್ರಿಗೆ ನಿದ್ದಿ ಕೆಡ್ತೈತಂತಲ್ಲವಾ."

"ಯಾರಂದಿದ್ದು? ಮೆಷಿನ್ ಸದ್ದಲ್ಲೇ ಕೂದಲು ಬೆಳ್ಳಗಾದೋರು ಅವ್ರು. ಫ್ಯಾನು ಕಿರ್ ಅನ್ನದೆ ಹೋದ್ರೆ ಎದ್ದು ಕೂತ್ಕೋತಾರೆ. ಮೇಲಿನ ಅಮ್ಮ ಊರಿಗೆ ಹೋದ್ರಾ ಅಂತ ಮೊನ್ನೆ ಅವ್ರೇ ಕೇಳ್ತಿದ್ರು."

ಚನ್ನಬಸಮ್ಮ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಮೇಲೆ ಬಂದಳು.

ಸಂಜೆ ಮಗ ಕಂಪನಿಯಿಂದ ಬಂದು ಮುಖ ತೊಳೆಯುವವರೆಗೆ ಕಾದಳು.

"ನನ್ನ ಮುಂದ ಸುಳ್ಳು ಯಾಕ ಹೇಳ್ದಿ?"

ವೀರೇಶ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಹೇಳಿದ.

"ಬಚ್ಚಲದಾಗ ಬಿಸಿನೀರಾಗ ಮಣಿಕಟ್ಟು ಇಟ್ಕೊಂಡು ಹಲ್ಲು ಕಚ್ಚಿ ಕುಂತಿದ್ದಿ. ನೋಡಿದೆ. ಬ್ಯಾಡ ಅಂದ್ರ ಬಿಡ್ತಿದ್ದೇನು ನೀನು? ಮಂದಿಗೆ ತ್ರಾಸ ಆಗ್ತೈತಿ ಅಂದ್ರಷ್ಟ ಬಿಡ್ತಿ."

"ಕೈ ನೋಯ್ತೈತಂತ ನಿನ್ನ ಹತ್ರ ಬಂದಿದ್ನೇನು?"

"ಬರಂಗಿಲ್ಲ ನೀನು. ಅದಕ್ಕ."

"ಅತ್ತೀ, ನಿಮ್ಮ ಸಲುವಾಗೇ ಮಾಡಿದ್ದು ಅವರು," ಎಂದು ಶೈಲಜಾ ನಡುವೆ ಬಂದಳು.

"ಹೌದವಾ. ನನ್ನ ಸಲುವಾಗಿ. ನನ್ನನ್ನ ಕೇಳೋದೇನೈತಿ ಅದರಾಗ."

ಆ ಮಣಿಕಟ್ಟನ್ನು ಒಂದು ಸಲ ಹಿಡಿದು ನೋಡಿದ್ದರೆ ಸಾಕಿತ್ತು ಎಂಬ ಮಾತು ಅವಳ ಬಾಯಿಗೆ ಬರಲಿಲ್ಲ. ಹಾಗೆ ಹಿಡಿಯುವುದನ್ನು ಅವನಿಗೆ ಕಲಿಸಿದವರಾದರೂ ಯಾರು?

ಆ ಭಾನುವಾರ ಕೆಳಗಿನವರು ಮದುವೆಗೆಂದು ಆನೇಕಲ್ಲಿಗೆ ಹೋಗಿದ್ದರು. ಬಾಗಿಲಿಗೆ ಬೀಗ. ಮೆಟ್ಟಿಲಿಳಿಯುವ ಯಾರಿಗಾದರೂ ಅದು ಕಾಣುವಂತಿತ್ತು. ವೀರೇಶ ಮಂಚದ ಕೆಳಗೆ ಬಗ್ಗಿ ಹಲಗೆ ಎಳೆದು, ಧೂಳು ಒರೆಸಿ, ಹಿಟ್ಟಿನ ಡಬ್ಬಿಯ ಜೊತೆ ಅವ್ವನ ಮುಂದಿಟ್ಟ.

"ಒಂದೇ ಒಂದು ಬಡಿಯವ್ವಾ. ಬಿಸೀದು ತಿನ್ನಬೇಕು ಅನಿಸೈತಿ."

ಅವನು ಬಾಯಿಬಿಟ್ಟು ರೊಟ್ಟಿ ಕೇಳಿದ್ದು ಅದೇ ಮೊದಲು. ಕೇಳುವ ಮುಂಚೆಯೇ ಹಾಕಿ ಹಾಕಿ ಅವಳಿಗೂ ಹಾಗೆಯೇ ರೂಢಿಯಾಗಿತ್ತು. ಬೆರಳುಗಳು ತಾವಾಗಿಯೇ ಡಬ್ಬಿಯ ಕಡೆ ಹೊರಟವು. ಅವನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬ್ಯಾಡಪ್ಪಾ," ಎಂದಳು. "ಕೆಳಗಿನವರಿಗೆ ನಿದ್ದಿ ಕೆಡ್ತೈತಿ."

ವೀರೇಶ ಹಲಗೆಯನ್ನು ಮತ್ತೆ ಮಂಚದ ಕೆಳಗೆ ತಳ್ಳಿದ. ಶೈಲಜಾ ಮರೆವ್ವನ ಚೀಲ ಬಿಚ್ಚಿದಳು.