ರೂಟರಿಗೆ ತೊಡಿಸಿದ ಅಂಗಿ

ಅಮ್ಮ ಇದ್ದಷ್ಟು ಕಾಲ ಆ ಮನೆಯಲ್ಲಿ ಯಾವ ಯಂತ್ರವೂ ಬರಿಮೈಯಲ್ಲಿ ಇದ್ದದ್ದಿಲ್ಲ. ರೇಡಿಯೋಗೆ ಅಂಗಿ, ಟೀವಿಗೆ ಅಂಗಿ, ಮಿಕ್ಸಿಗೂ ಅಂಗಿ. ಮಕ್ಕಳಿಗೆ ಹೊಸ ಬಟ್ಟೆ ತಪ್ಪಿದರೂ ಟೆಲಿಫೋನಿಗೆ ತಪ್ಪುವುದಿಲ್ಲ ಎಂದು ಅಪ್ಪ ಗೊಣಗುತ್ತಿದ್ದರು. ಯಾರಾದರೂ ಬಾಗಿಲು ತಟ್ಟಿದರೆ ಮಾತ್ರ ಅಮ್ಮ ಎದ್ದೆನೋ ಬಿದ್ದೆನೋ ಎಂದು ಓಡಿಬಂದು ಎಲ್ಲ ಅಂಗಿಗಳನ್ನೂ ಕಳಚಿ ದಿಂಬಿನ ಕೆಳಗೆ ತುರುಕುತ್ತಿದ್ದಳು. ವಸ್ತು ಬಂದವರಿಗೆ ಕಾಣಬೇಕು, ಧೂಳಿಗೆ ಕಾಣಬಾರದು. ಇದು ಅವಳ ಕಾನೂನು.

ಅಪ್ಪ ಎಂದೋ ಹೋಗಿದ್ದರು, ಅಮ್ಮ ಹೋಗಿ ವರ್ಷವಾಗುತ್ತ ಬಂದಿತ್ತು. ಉಳಿದವರು ಇಬ್ಬರೇ. ಬೇಕರಿಯಲ್ಲಿ ಬೆಳಗಿನ ಪಾಳಿ ಮಾಡುವ ಅಕ್ಕ, ಮನೆಯಲ್ಲೇ ಕೂತು ಕಂಪನಿಯೊಂದರ ಗ್ರಾಹಕರ ಕರೆಗಳಿಗೆ ಉತ್ತರಿಸುವ ತಂಗಿ.

ಇಂಟರ್‌ನೆಟ್ಟಿನ ಹೊಸ ರೂಟರನ್ನು ತಂಗಿ ನಡುಮನೆಯಲ್ಲಿ, ಹಿಂದೆ ಟೆಲಿಫೋನ್ ಇದ್ದ ಗೂಡಿನಲ್ಲೇ ಇಟ್ಟಳು. ವೈರು ಸಿಕ್ಕಿಸಿ, ಪಾಸ್‌ವರ್ಡ್ ಹಾಕಿ, ಕೆಂಪು ದೀಪ ಹಸಿರಾಗುವ ತನಕ ಉಸಿರು ಬಿಗಿಹಿಡಿದು ನಿಂತಳು. ಅಕ್ಕನ ಕಣ್ಣು ಮಾತ್ರ ಅದರ ನೆತ್ತಿಯ ಸಾಲು ಸಾಲು ಸೀಳುಗಳ ಮೇಲೆ. ಅಯ್ಯೋ, ಧೂಳೆಲ್ಲ ಒಳಗೇ ಹೋಗುತ್ತದಲ್ಲ! ಟ್ರಂಕು ಜಾಲಾಡಿ ಟೆಲಿಫೋನಿನ ಅಂಗಿ ತಂದಳು. ಅರ್ಧ ಅಕ್ಕನ ಹಳೆಯ ನೀಲಿ ಫ್ರಾಕು, ಅರ್ಧ ತಂಗಿಯ ಹಳದಿ ಫ್ರಾಕು, ಅಂಚಿಗೆ ಅಮ್ಮನ ಕೈಹೊಲಿಗೆ. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ತಂಗಿ ಅದರ ಅಂಚನ್ನು ಒಮ್ಮೆ ಸವರಿ ಕೆಲಸಕ್ಕೆ ಕೂತಳು.

ಮಾರನೆಯ ಮಧ್ಯಾಹ್ನದಿಂದ ಕಾಟ ಶುರು. ತಂಗಿ ಗ್ರಾಹಕರೊಡನೆ ಮಾತಾಡುತ್ತಿರುವಾಗಲೇ ನೆಟ್ ಹೋಗಿ ಕರೆ ಕಡಿದುಹೋಗುತ್ತಿತ್ತು. ರಿಪೇರಿಯವನು ಎರಡು ಸಲ ಬಂದ. ಬೆಲ್ ಆದ ತಕ್ಷಣ ಅಕ್ಕ ಅಂಗಿ ಕಳಚಿ ದಿಂಬಿನ ಕೆಳಗೆ ಸೇರಿಸುತ್ತಿದ್ದಳು. ರಕ್ತದಲ್ಲೇ ಬಂದ ಅಭ್ಯಾಸ, ಏನು ಮಾಡುವುದು? ಅವನು ನೀರು ಕುಡಿದು, ವೈರುಗಳನ್ನೆಲ್ಲ ನೋಡಿ ಮುಗಿಸುವಷ್ಟರಲ್ಲಿ ರೂಟರು ಏನೂ ಅರಿಯದ ಮಗುವಿನಂತೆ ಕೂತಿರುತ್ತಿತ್ತು. “ಎಲ್ಲಾ ಸರಿಯಾಗೇ ಇದೆಯಲ್ಲಮ್ಮಾ” ಎಂದು ಹೋಗುತ್ತಿದ್ದ.

ಆಫೀಸಿನವರ ತಾಳ್ಮೆ ಮುಗಿಯಿತು. ಆಫೀಸಿಗೇ ಬಂದು ಕೂತು ಕೆಲಸ ಮಾಡಿ ಎಂದರು. ಆಫೀಸು ಇದ್ದದ್ದು ಬೇರೆ ಊರಿನಲ್ಲಿ. ತಂಗಿ ಅಲ್ಲೊಂದು ರೂಮು ನೋಡಿದಳು. ಅಕ್ಕನಿಗಾದರೋ, ಅಮ್ಮನ ಗೊರಕೆಯನ್ನು ಅಣಕಿಸಿದರೆ ಜೊತೆಗೆ ನಗುವವರು ಈ ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ. ಆದರೂ ಬಾಯಿಬಿಟ್ಟು ಬೇಡ ಎನ್ನಲಿಲ್ಲ. ಅನ್ನ ಕೊಡುವ ಕೆಲಸಕ್ಕೆ ಅಡ್ಡ ಬರುವುದು ಹೇಗೆ?

ತಂಗಿ ಬಟ್ಟೆ ತುಂಬಿಕೊಳ್ಳುತ್ತಿದ್ದ ದಿನ ರಿಪೇರಿಯವನು ಮತ್ತೆ ಬಂದ. ಬಾಗಿಲು ತೆರೆದೇ ಇತ್ತು, ಬೆಲ್ಲು ಮಾಡದೆ ಸೀದಾ ಒಳಗೆ ಬಂದುಬಿಟ್ಟ. ಅಕ್ಕ ಗೂಡಿನ ಹತ್ತಿರ ಓಡುವಷ್ಟರಲ್ಲಿ ಅವನ ಕೈ ಅಂಗಿಯ ಮೇಲಿತ್ತು.

“ಅಬ್ಬಬ್ಬಾ, ಕಾವಲಿ ಕಾದಂಗೆ ಕಾದಿದೆ! ಯಾರಮ್ಮಾ ಇದಕ್ಕೆ ಅಂಗಿ ಹಾಕಿದ್ದು? ಇದು ಉಸಿರಾಡೋದು ಬೇಡ್ವಾ? ತೆಗೆದಿಡಿ, ತಣ್ಣಗಾದ್ರೆ ತಾನೇ ಸರಿಹೋಗತ್ತೆ” ಎಂದು ನಗುತ್ತ ಹೊರಟುಹೋದ.

ಅಕ್ಕ ತಂಗಿಯ ಪೆಟ್ಟಿಗೆಯ ಪಕ್ಕ ಕೂತಳು. “ನಿನ್ನನ್ನ ಮನೆಯಿಂದ ಹೊರಗೆ ಹಾಕ್ತಿದ್ದೋಳು ನಾನೇ ಕಣೇ.”

ತಂಗಿ ಕೈಯಲ್ಲಿದ್ದ ಸೀರೆ ಕೆಳಗಿಟ್ಟಳು. “ನಂಗೆ ಮೊದಲೇ ಗೊತ್ತಾಗಿತ್ತು ಕಣಕ್ಕಾ.”

“ಗೊತ್ತಿತ್ತಾ? ಮತ್ತೆ ತೆಗೆಯೋದಲ್ವೇನೇ, ಪೆದ್ದಿ!”

“ಎಷ್ಟೋ ಸಲ ತೆಗೆಯೋಕೆ ಅಂತ ಹೋದೆ. ಕೈ ಬರಲಿಲ್ಲ. ಅದನ್ನ ಅಲ್ಲಿ ನೋಡ್ದಾಗೆಲ್ಲ ಅಮ್ಮ ಒಳಗೆಲ್ಲೋ ಇದ್ದಾಳೆ ಅನ್ನಿಸೋದು. ತೆಗಿ ಅಂತ ನಿಂಗೆ ಹೇಳೋದಕ್ಕಿಂತ ರೂಮ್ ಮಾಡೋದೇ ಸುಲಭ ಅನ್ಕೊಂಡೆ.”

ಅಕ್ಕ ಎದ್ದು ಹೋಗಿ ಅಂಗಿಯನ್ನು ಮೆಲ್ಲಗೆ ಎತ್ತಿದಳು. ಬಟ್ಟೆ ಬೆಚ್ಚಗಿತ್ತು, ಯಾರೋ ಈಗಷ್ಟೇ ಮೈಯಿಂದ ಕಳಚಿಟ್ಟ ಹಾಗೆ. ತಂಗಿಯ ಕೆನ್ನೆಗೆ ಒತ್ತಿ ಹಿಡಿದಳು. ತಂಗಿ ಅವಳ ಕೈಯನ್ನೂ ಸೇರಿಸಿ ಹಿಡಿದುಕೊಂಡಳು. ಬಟ್ಟೆ ತಣ್ಣಗಾಗುವವರೆಗೂ ಇಬ್ಬರೂ ಬಿಡಲಿಲ್ಲ.