ಡ್ರೈವರಕ್ಕನಿಗೆ ಯಾರೂ ಹೇಳದ ಮಾತು

ಬಸ್ ಡಿಪೋದಲ್ಲಿ ಎಲ್ಲರೂ ಅವಳನ್ನು ಡ್ರೈವರಕ್ಕ ಅಂತಲೇ ಕರೆಯುತ್ತಿದ್ದರು. ಮದುವೆಯಾಗಿ ಎರಡು ವರ್ಷ ಕಳೆದಿದ್ದರೂ ಮಡಿಲು ತುಂಬಿರಲಿಲ್ಲ. ವಿಶ್ರಾಂತಿ ಕೋಣೆಯಲ್ಲಿ ಟೀ ಲೋಟ ಹಿಡಿದು ಕೂತರೆ ಸಾಕು, ಯಾರಾದರೊಬ್ಬರು ಕೇಳೇ ಕೇಳುತ್ತಿದ್ದರು.

"ಏನಕ್ಕಾ, ಏನಾದ್ರೂ ವಿಶೇಷ?"

"ಹ್ಞೂಂ, ಗಾಡಿಗೆ ಹೊಸ ಬ್ರೇಕ್ ಹಾಕಿಸಿದೀನಿ. ಅದೇ ವಿಶೇಷ," ಅಂದು ನಗಿಸಿ ಎದ್ದು ಹೋಗುತ್ತಿದ್ದಳು. ಖಾಲಿ ಬಸ್ಸು ಹತ್ತಿ ಕೂತ ಮೇಲೆ ಅವಳ ಮುಖದಲ್ಲಿ ನಗು ಇರುತ್ತಿರಲಿಲ್ಲ.

ಅಪ್ಪ ತೀರಿಕೊಂಡಾಗ ಅವಳಿಗೆ ಇಪ್ಪತ್ತೆರಡು. ಬೆನ್ನಿಗೆ ಇಬ್ಬರು ತಮ್ಮಂದಿರು, ಒಬ್ಬಳು ತಂಗಿ. ಅವಳು ಸ್ಟೇರಿಂಗ್ ಹಿಡಿದಳು. ಹೆಣ್ಣು ಕೇಳಿಕೊಂಡು ಬಂದವರಿಗೆ ಅಮ್ಮ, "ದೊಡ್ಡವನ ಓದು ಮುಗೀಲಿ" ಅಂದಳು. ಆಮೇಲೆ, "ಚಿಕ್ಕವನಿಗೆ ಕೆಲಸ ಸಿಗಲಿ" ಅಂದಳು. ಬಂದುಹೋದವರ ಮುಂದೆಲ್ಲ "ಇವಳೇ ನನ್ನ ಹಿರೀಮಗ" ಅಂತ ಹೊಗಳಿದಳು. ಹೊಗಳಿಕೆಗೆ ವಯಸ್ಸು ನಿಲ್ಲುತ್ತದೆಯೇ? ಇಬ್ಬರು ತಮ್ಮಂದಿರೂ ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೆ, ಮೂವತ್ತೇಳನೇ ವಯಸ್ಸಿನಲ್ಲಿ, ಅದೇ ಡಿಪೋದ ಮೆಕ್ಯಾನಿಕ್ ಅವಳ ಕೈಹಿಡಿದ.

ಅವಳಿಗೆ ತನ್ನ ಮೈಮೇಲೆ ಬಲವಾದ ನಂಬಿಕೆ. ಅಷ್ಟುದ್ದದ ಬಸ್ಸನ್ನು ಸಂದಿಯಲ್ಲಿ ತಿರುಗಿಸುವ ತೋಳುಗಳು. ಜ್ವರ ಅಂತ ರಜೆ ಹಾಕಿದವಳಲ್ಲ. ತಿಂಗಳ ಮುಟ್ಟು ಒಂದು ದಿನವೂ ಆಚೀಚೆ ಆಗುತ್ತಿರಲಿಲ್ಲ. ಅತ್ತೆಯೂ ಅದನ್ನೇ ಹೇಳುತ್ತಿದ್ದಳು: "ಗಟ್ಟಿ ಜೀವ ಕಣೆ ನಿಂದು. ನನ್ನ ಓರಗಿತ್ತಿ ನಲವತ್ತೆರಡಕ್ಕೆ ಹೆತ್ತಳು. ಸುಮ್ನಿರು."

ಪಕ್ಕದ ಮನೆಯ ನರ್ಸಮ್ಮ ಮಾತ್ರ ಬೇರೆ ಮಾತಾಡಿದಳು. "ಒಬ್ಬರಿಗೆ ಆಯ್ತು ಅಂತ ಎಲ್ಲರಿಗೂ ಆಗುತ್ತಾ? ಮೂವತ್ತೈದು ದಾಟಿದವರು ಆರು ತಿಂಗಳು ನೋಡಿ, ಆಗ್ಲಿಲ್ಲ ಅಂದ್ರೆ ಡಾಕ್ಟರ ಹತ್ರ ಹೋಗ್ಬೇಕು. ನೀನೂ ಹೋಗು, ನಿನ್ನ ಯಜಮಾನ್ರೂ ಬರ್ಲಿ."

ಮೆಕ್ಯಾನಿಕ್ ಸಿಡಿದ. "ನನಗೇನಾಗಿದೆ? ಬೇಕಾದ್ರೆ ನೀನು ತೋರಿಸ್ಕೊ."

"ಗಾಡಿ ಕೆಟ್ಟು ನಿಂತ್ರೆ ಒಂದೇ ಕಡೆ ಚಕ್ರ ನೋಡಿ ಬಿಡ್ತೀರಾ?" ಅಂದಳು ಅವಳು.

ಆದರೂ ಅವನು ಡಾಕ್ಟರ ಹತ್ತಿರ ಬರಲೇ ಇಲ್ಲ. ಇವತ್ತು ನಾಳೆ ಅನ್ನುತ್ತಲೇ ಇನ್ನೊಂದು ವರ್ಷ ಹೋಯಿತು. ಆ ವರ್ಷದ ಕೊನೆಯಲ್ಲಿ ಬಸಿರು ನಿಂತಿತು. ಎರಡನೇ ತಿಂಗಳಲ್ಲೇ ಇಳಿದುಹೋಯಿತು. ಆಸ್ಪತ್ರೆಯಿಂದ ಬಂದ ದಿನ ಅವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದಳು: "ನಾಳೆ ನೀವು ಬರ್ತೀರಿ."

ಮರುದಿನ ಇಬ್ಬರೂ ಪರೀಕ್ಷೆಗೆ ಹೋದರು. ವರದಿಗಳು ಬಂದಾಗ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು. "ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಣುಗಳೆಲ್ಲ ಅದರ ಒಳಗೇ ಇರುತ್ತವಮ್ಮ. ಆಮೇಲೆ ಹೊಸದು ಆಗಲ್ಲ. ವರ್ಷ ಕಳೆದಂತೆ ಕಮ್ಮಿಯಾಗ್ತವೆ. ಮೂವತ್ತೈದರ ಮೇಲಂತೂ ಅವುಗಳ ಸಂಖ್ಯೆ ಬೇಗ ಬೇಗ ಇಳಿಯುತ್ತೆ. ಉಳಿದವುಗಳ ಗುಣವೂ ಕೆಡುತ್ತೆ. ಗರ್ಭ ಇಳಿಯೋದು ಹೆಚ್ಚೋದಕ್ಕೆ ಅದೇ ದೊಡ್ಡ ಕಾರಣ."

"ನನ್ನ ಮುಟ್ಟು ಸರಿಯಾಗೇ ಇದೆಯಲ್ಲ ಡಾಕ್ಟ್ರೇ?"

"ಮುಟ್ಟು ಸರಿಯಾಗಿದೆ ಅಂದ ಮಾತ್ರಕ್ಕೆ ಅಂಡಾಣು ಚೆನ್ನಾಗಿದೆ ಅಂತಲ್ಲ. ಮೈ ಗಟ್ಟಿಯಾಗಿದ್ರೂ ಅಂಡಾಣುವಿಗೆ ವಯಸ್ಸಾಗುತ್ತೆ." ಆಮೇಲೆ ಗಂಡನ ಕಡೆ ತಿರುಗಿದಳು. "ನಿಮ್ಮ ವರದಿ ಚೆನ್ನಾಗಿದೆ. ಆದ್ರೆ ಎಷ್ಟೋ ಜೋಡಿಗಳಲ್ಲಿ ತೊಂದರೆ ಗಂಡಸಿನಲ್ಲೇ ಇರುತ್ತೆ. ನೀವು ಮೊದಲೇ ಬಂದಿದ್ರೆ ಒಂದು ವರ್ಷ ಉಳೀತಿತ್ತು."

ಮೆಕ್ಯಾನಿಕ್ ತಲೆ ತಗ್ಗಿಸಿದ. "ಶಕ್ತಿ ಬರೋ ಟಾನಿಕ್ ಏನಾದ್ರೂ..."

"ಇದಕ್ಕೆ ರಿವರ್ಸ್ ಗೇರ್ ಇಲ್ಲ ಬಿಡಿ," ಅಂದಳು ಡ್ರೈವರಕ್ಕ. ಕೋಣೆಯಲ್ಲಿ ಯಾರೂ ನಗಲಿಲ್ಲ.

ಅಂಡಾಣು ಹೊರತೆಗೆದು, ವೀರ್ಯದ ಜೊತೆ ಸೇರಿಸಿ, ಭ್ರೂಣವನ್ನು ಗರ್ಭದಲ್ಲಿಡುವ ಚಿಕಿತ್ಸೆಯನ್ನು ಒಮ್ಮೆ ಮಾಡಿಸಿದರು. ನಿಲ್ಲಲಿಲ್ಲ. ಬೇರೆ ಹೆಣ್ಣಿನ ಅಂಡಾಣು ಪಡೆಯಬಹುದು, ಮಗುವನ್ನು ದತ್ತು ತೆಗೆದುಕೊಳ್ಳಬಹುದು ಎಂದು ಡಾಕ್ಟರಮ್ಮ ಹೇಳಿದಳು. "ಯೋಚನೆ ಮಾಡ್ತೀನಿ," ಅಂದು ಬಂದವಳು ನೇರವಾಗಿ ಅಮ್ಮನ ಮನೆಗೆ ಹೋದಳು.

ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ಈಜು ಕಲಿಸುವ ತಂಗಿ ಆಗಷ್ಟೇ ಕೊಳದಿಂದ ಬಂದು ತಲೆ ಒರೆಸಿಕೊಳ್ಳುತ್ತಿದ್ದಳು. ಅವಳಿಗೀಗ ಮೂವತ್ತೊಂದು.

"ಇವಳ ಮದುವೆ ವಿಚಾರ ಏನ್ಮಾಡಿದೆ ಅಮ್ಮಾ?"

"ಅವಳಿಗೇನೇ ಅವಸರ? ಇನ್ನೂ ನಾಲ್ಕು ವರ್ಷ ನನ್ನ ಜೊತೆ ಇರ್ಲಿ."

ಡ್ರೈವರಕ್ಕನ ಎದೆಯಲ್ಲಿ ಇಷ್ಟು ದಿನ ಕುದಿಯುತ್ತಿದ್ದದ್ದು ಉಕ್ಕಿತು. "ನನ್ನನ್ನೂ ಹೀಗೇ ಇಟ್ಕೊಂಡೆ. ವಯಸ್ಸಾದ್ರೆ ಹೀಗಾಗುತ್ತೆ ಅಂತ ನಿಂಗೆ ಗೊತ್ತಿತ್ತಾ?"

ಅಮ್ಮನ ಕೈ ಬಟ್ಟೆಯ ಮೇಲೇ ನಿಂತಿತು. "ಕೇಳಿ ಗೊತ್ತಿತ್ತು. ಹೆಣ್ಣುಮಕ್ಕಳ ಮುಂದೆ ಆಡೋ ಮಾತಾ ಅದು?"

"ಆಡಿದ್ರೆ ನಿನ್ನ ಬಾಯಿ ಸವೀತಿತ್ತಾ?"

ತಂಗಿ ಇಬ್ಬರ ಮುಖವನ್ನೂ ನೋಡಿದಳು. "ಅಕ್ಕಾ, ನಂಗೆ ಮಕ್ಕಳು ಬೇಕು. ಆದ್ರೆ ಮನಸ್ಸಿಗೆ ಒಪ್ಪುವವನು ಸಿಗದೆ, ವಯಸ್ಸಿಗೆ ಹೆದರಿ ಯಾರಿಗೋ ಕತ್ತು ಕೊಡಲ್ಲ."

"ಕೊಡು ಅಂತ ನಾನೂ ಹೇಳಲ್ಲ. ಗೊತ್ತಿದ್ದು ಕಾಯಿ. ನನ್ನ ಹಾಗೆ ಕಣ್ಣು ಕಟ್ಕೊಂಡು ಕಾಯಬೇಡ."

ಆ ವಾರವೇ ಮೂವರೂ ಡಾಕ್ಟರಮ್ಮನ ಮುಂದೆ ಕೂತರು. ತಂಗಿಗೆ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಆಯಿತು. ಅಂಡಾಣು ಸುಮಾರು ಎಷ್ಟು ಉಳಿದಿವೆ ಎಂದು ಇವು ತಿಳಿಸುತ್ತವೆಯೇ ಹೊರತು, ಅವುಗಳ ಗುಣವನ್ನಲ್ಲ ಎಂದು ಡಾಕ್ಟರಮ್ಮ ಹೇಳಿದಳು. "ಈಗಲೇ ಅಂಡಾಣು ತೆಗೆದು, ಹೆಪ್ಪುಗಟ್ಟಿಸಿ, ಮುಂದಕ್ಕೆ ಕಾಪಿಡಬಹುದು. ಕೆಲವು ದಿನ ಇಂಜೆಕ್ಷನ್, ಆಮೇಲೆ ಮಂಪರು ಕೊಟ್ಟು ಹೊರತೆಗೀತೀವಿ. ಖರ್ಚಿದೆ, ನೋವೂ ಇದೆ. ಚಿಕ್ಕ ವಯಸ್ಸಲ್ಲಿ ಇಟ್ಟಷ್ಟೂ ಒಳ್ಳೇದು. ಆದ್ರೆ ಇಟ್ಟ ಮಾತ್ರಕ್ಕೆ ಮಗು ಖಾತ್ರಿ ಅಂತ ನಾನು ಹೇಳಲ್ಲ."

"ಕ್ಯಾನ್ಸರ್ ಚಿಕಿತ್ಸೆ ಮಾಡಿಸ್ಕೊಳ್ಳೋರೂ ಇಡ್ತಾರಂತೆ ಹೌದಾ?" ಹೊರಗೆ ಗೋಡೆಯ ಮೇಲೆ ಓದಿದ್ದನ್ನು ಅಮ್ಮ ಮೆಲ್ಲಗೆ ಕೇಳಿದಳು.

"ಹೌದು, ಆ ಚಿಕಿತ್ಸೆ ಅಂಡಾಣುಗಳನ್ನ ಕೆಡಿಸಬಹುದು. ಆದ್ರೆ ಅದು ಶುರುವಾಗೋ ಮೊದಲೇ ಕೇಳ್ಬೇಕು."

ತಂಗಿ ಒಂದು ರಾತ್ರಿ ಯೋಚಿಸಿ ಒಪ್ಪಿದಳು. ಖರ್ಚಿಗೆಂದು ತನ್ನ ಚಿನ್ನದ ಬಳೆಗಳನ್ನು ಅಮ್ಮ ತಾನಾಗಿಯೇ ಬಿಚ್ಚಿಕೊಟ್ಟಳು. ಅಂಡಾಣು ತೆಗೆದ ದಿನ, ತಂಗಿ ಮಂಪರಿನಲ್ಲಿ ಮಲಗಿದ್ದಾಗ, ವಾರ್ಡಿನ ಬೆಂಚಿನ ಮೇಲೆ ಅಮ್ಮ ಹಿರಿಮಗಳ ಪಕ್ಕಕ್ಕೆ ಸರಿದಳು.

"ನನ್ನ ಮೇಲೆ ಸಿಟ್ಟಾ?"

"ಇದೆ," ಅಂದಳು ಡ್ರೈವರಕ್ಕ. ಎದ್ದು ತಂಗಿಯ ಹಾಸಿಗೆಯ ಹತ್ತಿರ ಹೋಗಿ ಹೊದಿಕೆ ಸರಿಪಡಿಸಿದಳು.

ಈ ಕಥೆ ಓದಿದ, ಕೇಳಿದ ಅಕ್ಕ-ತಂಗಿಯರೇ, ಮಕ್ಕಳು ಬೇಕೋ ಬೇಡವೋ, ಯಾವಾಗ ಬೇಕು, ಅದು ನಿಮ್ಮ ಇಷ್ಟ. ಆದರೆ ಬೇಕು ಅಂತಿದ್ದರೆ ಮೂವತ್ತರ ಆಸುಪಾಸಿನಲ್ಲೇ ಒಮ್ಮೆ ಡಾಕ್ಟರ ಹತ್ತಿರ ಮಾತಾಡಿ. ಒಂದು ವರ್ಷ ಪ್ರಯತ್ನಿಸಿಯೂ ಬಸಿರಾಗದಿದ್ದರೆ, ಮೂವತ್ತೈದು ದಾಟಿದವರಾದರೆ ಆರೇ ತಿಂಗಳಿಗೆ, ಗಂಡ ಹೆಂಡತಿ ಇಬ್ಬರೂ ಹೋಗಿ. ನಲವತ್ತಾಗಿದ್ದರೆ ಕಾಯಲೇಬೇಡಿ. ಅಂಡಾಣು, ವೀರ್ಯ ಎರಡನ್ನೂ ಕೆಡಿಸುವ ಬೀಡಿ, ಸಿಗರೇಟನ್ನು ಇಬ್ಬರೂ ಬಿಡಿ. ತಾಯಂದಿರೇ, ನಾಚಿಕೆಯನ್ನು ಪಕ್ಕಕ್ಕಿಟ್ಟು ಮಗಳಿಗೆ ಇವತ್ತೇ ಹೇಳಿ. ನೀವು ಹೇಳದೆ ಬಿಟ್ಟದ್ದನ್ನು ಮುಂದೊಂದು ದಿನ ಅವಳು ಡಾಕ್ಟರ ಬಾಯಿಂದ ಕೇಳುವಂತಾದರೆ, ನಿಮ್ಮ ಹತ್ತಿರ ಕೊಡುವುದಕ್ಕೆ ಉತ್ತರ ಇರುವುದಿಲ್ಲ.