ಪ್ರಿನ್ಸಿಪಾಲರ ನಾಲ್ಕು ಮಾತು

ಅತ್ತೆ ಹೊದಿಕೆಯನ್ನು ತೀರಿಕೊಂಡ ಅಮ್ಮನ ಕೈಗಳ ಮೇಲೆ ಎಳೆಯುತ್ತಿದ್ದಾಗ ಮಗಳು ತಡೆದಳು. "ಕೈ ಹೊರಗೇ ಇರ್ಲಿ ಅತ್ತೆ. ಅವರೆಲ್ಲ ನೋಡೋಕೆ ಬಂದಿರೋದೇ ಅದನ್ನ."

ಅವರೆಲ್ಲ ಎಂದರೆ ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮನ ಹಳೆಯ ಶಿಷ್ಯರು. ಒಬ್ಬರಿಗೂ ಕಿವಿ ಕೇಳದು. ಶಾಲೆ ಮುಗಿಸಿದ ಕಿವುಡು ಮಕ್ಕಳನ್ನು ಕಾಲೇಜಿಗೆ ಅಣಿಗೊಳಿಸುವುದರಲ್ಲೇ ಅಮ್ಮ ಆಯುಷ್ಯ ಸವೆಸಿದ್ದಳು. ಊಟದ ಮೇಜಿನ ಹಿಂದೆ ಕಾಲೇಜು ಕಚೇರಿಯ ಸಿಡುಕು ಗುಮಾಸ್ತಳಂತೆ ನಟಿಸುತ್ತ ಕೂತು, ತಮಗೆ ಬೇಕಾದ್ದನ್ನು ತಾವೇ ಕೇಳುವಂತೆ ಅವರನ್ನು ಪಳಗಿಸುತ್ತಿದ್ದಳು. ನೆರವಿಗಾಗಿ ಹೆತ್ತವರ ಮುಖ ನೋಡಿದವರನ್ನು ಬಾಗಿಲಾಚೆ ಕಳಿಸಿ ಮತ್ತೆ ಕರೆಯುತ್ತಿದ್ದಳು. ಆ ಮೇಜಿನ ಕೆಳಗೆ ಆಡಿ ಬೆಳೆದ ಮಗಳಿಗೆ ಮಾತಿಗಿಂತ ಮೊದಲು ಸನ್ನೆ ಬಂದಿತ್ತು.

ಹೂಗುಚ್ಛ ಹಿಡಿದು ನಿವೃತ್ತ ಪ್ರಿನ್ಸಿಪಾಲರು ಒಳಬಂದರು. ಹಿಂದಿನದೇನೂ ತಿಳಿಯದ ಸೋದರಮಾವ ಅವರಿಗೆ ಕುರ್ಚಿ ಕೊಟ್ಟು, ನಾಲ್ಕು ಮಾತಾಡಬೇಕೆಂದು ಕೇಳಿಕೊಂಡ. ಮಗಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

*

ಅಮ್ಮನ ಶಿಷ್ಯರಲ್ಲೆಲ್ಲ ಚುರುಕಾದವಳನ್ನು ಮಿಂಚು ಎಂದು ಕರೆಯುತ್ತಿದ್ದರು. ಅವಳು ಕಾಲೇಜು ಸೇರಿದಾಗ ಅಮ್ಮ ಕರಿಹಲಗೆಯ ಪಕ್ಕ ನಿಂತು ಪ್ರತಿ ಪಾಠವನ್ನೂ ಸನ್ನೆಗೆ ಇಳಿಸಿದಳು. ಅದಕ್ಕೆ ಒಪ್ಪಿಗೆ ಕೊಟ್ಟವರು ಇದೇ ಪ್ರಿನ್ಸಿಪಾಲರು. ಕೊನೆಯ ಮೌಖಿಕ ಪರೀಕ್ಷೆಯ ದಿನ ಮೇಲಿನ ಅಧಿಕಾರಿ ಹುಬ್ಬೇರಿಸಿದ್ದೇ ತಡ, ಅವರ ನಾಲಿಗೆ ಹೊರಳಿತು.

"ಕೈಯಲ್ಲೇ ಉತ್ತರ ಹೇಳ್ಕೊಡ್ತೀರಾ? ಹೊರಗೆ ನಡೀರಿ."

ಪರೀಕ್ಷಕರ ದಪ್ಪ ಮೀಸೆಯಡಿಯ ತುಟಿ ಅಲ್ಲಾಡುವುದನ್ನು ನೋಡುತ್ತ ಮಿಂಚು ಒಂದು ಪ್ರಶ್ನೆಯೂ ತಿಳಿಯದೆ ಕೂತಳು. ನಕಲಿನ ಆರೋಪ ಹೊರಿಸಿ ಅವಳನ್ನು ಕಾಲೇಜಿನಿಂದಲೇ ತೆಗೆದರು. ಈಗ ಅವಳು ಅದೇ ಕಾಲೇಜಿನ ಹಿಂದಿನ ಗಲ್ಲಿಯಲ್ಲಿ ಪರರ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ.

ಅವತ್ತು ಮನೆಗೆ ಬಂದ ಅಮ್ಮ ಅಳಲಿಲ್ಲ. "ನಾನು ಕ್ಷಮಿಸಲ್ಲ. ನೀನೂ ಕ್ಷಮಿಸ್ಬೇಡ," ಎಂದಳು, ಅಷ್ಟೇ.

*

ಪ್ರಿನ್ಸಿಪಾಲರು ಗಂಟಲು ಸರಿಪಡಿಸಿಕೊಂಡರು. ಶಿಷ್ಯರಿಗೂ ಸನ್ನೆಯಲ್ಲಿ ತಿಳಿಯಲೆಂದು ಮಾವ ಸೋದರಸೊಸೆಯನ್ನು ಅವರ ಪಕ್ಕ ನಿಲ್ಲಿಸಿದ. ಅಮ್ಮನ ಸೇವೆ ತಪಸ್ಸಿನಂಥದು, ತಮ್ಮ ಕಾಲೇಜಿನ ಬಾಗಿಲು ಇಂಥ ಮಕ್ಕಳಿಗೆ ಸದಾ ತೆರೆದೇ ಇತ್ತು, ಆಕೆಗೆ ತಾವೇ ಬೆನ್ನೆಲುಬಾಗಿ ನಿಂತಿದ್ದು ಎಂದರು ಅವರು.

ಮಗಳ ಕೈಗಳು ಮೊದಲ ವಾಕ್ಯವನ್ನು ಚಾಚೂ ತಪ್ಪದೆ ಹೇಳಿದವು. ಬೆನ್ನೆಲುಬಿನ ಮಾತು ಬಂದಾಗ ಒಂದು ಕ್ಷಣ ನಿಂತವು. ಆಮೇಲೆ ಹೇಳಿದವು: ಅಮ್ಮನನ್ನು ಹೊರಗಟ್ಟಿ ಮಿಂಚುವಿಗೆ ಕಳ್ಳಿಯ ಹಣೆಪಟ್ಟಿ ಹಚ್ಚಿದವನು ಇವನೇ.

ಸಾಲಿನ ತಲೆಗಳೆಲ್ಲ ತುದಿಯಲ್ಲಿ ಕೂತಿದ್ದ ಮಿಂಚುವಿನತ್ತ ತಿರುಗಿದವು. ಅವಳು ಹೌದೆಂದು ಗೋಣಾಡಿಸಿದಳು.

ಪ್ರಿನ್ಸಿಪಾಲರಿಗೆ ಹುರುಪು ಬಂತು. "ನೋಡಿ, ಎಷ್ಟು ಮನಸ್ಸಿಟ್ಟು ಕೇಳ್ತಿದಾರೆ," ಎಂದು ಮಾವನಿಗೆ ಹೇಳಿ, ದನಿ ಒದ್ದೆ ಮಾಡಿಕೊಂಡು ಮುಂದುವರಿಸಿದರು.

ಆಗ ಮಿಂಚು ಕಣ್ಣು ಮುಚ್ಚಿದಳು. ಸನ್ನೆಯಲ್ಲಿ ಮಾತಾಡುವವರಿಗೆ ಅದಕ್ಕಿಂತ ದೊಡ್ಡ ಕಪಾಳಮೋಕ್ಷವಿಲ್ಲ. ಪಕ್ಕದವನೂ ಮುಚ್ಚಿದ. ಅವನ ಪಕ್ಕದವಳೂ.

ಪ್ರಿನ್ಸಿಪಾಲರು ತಡವರಿಸಿದರು. "ಏನಮ್ಮಾ, ಏನ್ ಹೇಳ್ದೆ ಅವರಿಗೆ?"

"ನಿಮ್ಮ ಮಾತಿನ ಅರ್ಥ ಹೇಳ್ದೆ ಸಾರ್. ಮುಂದುವರಿಸಿ."

ಬೇರೆ ದಾರಿಯಿರಲಿಲ್ಲ. ಮನೆತುಂಬ ಜನರ ನಡುವೆ, ಹೂಗುಚ್ಛವನ್ನು ಎದೆಗವಚಿಕೊಂಡು, ಮುಚ್ಚಿದ ರೆಪ್ಪೆಗಳ ಒಂದು ಇಡೀ ಸಾಲಿಗೆ ಅವರು ಮಾತಾಡುತ್ತಲೇ ಹೋದರು.